ಆರ್ಡರ್ ಬುಕ್ಕಿನಲ್ಲಿ ಊಟಕ್ಕೂ ಒಂದು ಗೆರೆ

ಬಾಗಲಕೋಟೆಯ ನವನಗರದಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಇಳಕಲ್ ಸೀರೆಗೆ ಹೊಂದುವ ಬ್ಲೌಸು, ಗುಳೇದಗುಡ್ಡದ ಖಣದ ಕುಪ್ಪಸ, ಮದುವೆ ಸೀಸನ್ನಿನಲ್ಲಿ ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯ ಕಸೂತಿ. ಜೊತೆಗೆ ಇಬ್ಬರು ಹುಡುಗಿಯರು ಕೆಲಸ ಕಲಿಯುತ್ತಾ ಹೊಲಿಯುತ್ತಾರೆ. ಆಫೀಸಿಗೆ ಹೋಗುವವರಿಗೆ ಊಟದ ಬಿಡುವು ಅಂತ ಒಂದಿರುತ್ತದೆ. ನಮ್ಮಂಥ ಸ್ವಂತ ಉದ್ಯೋಗದವರಿಗೆ ಅದನ್ನು ಕೊಡುವವರು ಯಾರೂ ಇಲ್ಲ. ಗಿರಾಕಿ ಬಂದಾಗಲೇ ಕೆಲಸ. "ಇದೊಂದು ತೋಳು ಕೂಡಿಸಿ ಉಣ್ಣೋಣ" ಅನ್ನುತ್ತಲೇ ಮೂರೂವರೆ ಆಗಿರುತ್ತದೆ. ಏನು ತಿನ್ನಬೇಕು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಓಣಿಯ ಅಂಗಡಿಕಾರರನ್ನು ನೋಡಿದರೆ, ತಿನ್ನಲು ಒಳ್ಳೆಯದು ಡಬ್ಬಿಯಲ್ಲೇ ಇರುತ್ತದೆ, ಹೊತ್ತು ಮಾತ್ರ ಇರುವುದಿಲ್ಲ.

ಹಾಗಾಗಿ ನಾನು ಮೊದಲು ಹಿಡಿದದ್ದು ಹೊತ್ತನ್ನು. ಆರ್ಡರ್ ಬುಕ್ಕಿನ ಪ್ರತಿ ದಿನದ ಹಾಳೆಯಲ್ಲಿ ಒಂದೂವರೆಯಿಂದ ಎರಡು ಗಂಟೆಗೆ ಗೆರೆ ಎಳೆದು "ಊಟ" ಅಂತ ಬರೆಯುತ್ತೇನೆ. ಆ ಹೊತ್ತಿಗೆ ಯಾರಿಗೂ ಅಳತೆಗೆ ಬರಲು ಹೇಳುವುದಿಲ್ಲ, ಡೆಲಿವರಿಗೂ ಇಲ್ಲ. ಬಾಗಿಲಿಗೂ ಅದೇ ವೇಳೆಯ ಬೋರ್ಡು ಹಾಕಿದೆ. ಮೊದಮೊದಲು ಬಾಗಿಲಲ್ಲಿ ನಿಂತು "ಅಕ್ಕಾರ, ಒಂದ ನಿಮಿಷ ಅಷ್ಟರೀ" ಅನ್ನುವವರು ಇದ್ದರು. "ಉಣ್ಣಾಕತ್ತೀವ್ರಿ, ಎರಡಕ್ಕ ಬರ್ರಿ. ಇಲ್ಲಾ ಕುಂಡ್ರರಿ, ಒಂದ ರೊಟ್ಟಿ ತಿನ್ನರಿ" ಅನ್ನುತ್ತಿದ್ದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಅವರಿಗೆ ಬೇಕಾದದ್ದು ಹೇಳಿದ ದಿನ ಬ್ಲೌಸು ಸಿಗುವುದು, ಅಲ್ವಾ?

ಕೆಲಸದ ಸರದಿಯನ್ನೂ ಊಟಕ್ಕೆ ತಕ್ಕಂತೆ ಇಟ್ಟುಕೊಂಡಿದ್ದೇನೆ. ಕತ್ತರಿ ಕೆಲಸವೆಲ್ಲ ಬೆಳಿಗ್ಗೆ ನಾಷ್ಟಾ ಆದ ಮೇಲೆ. ಹಸಿದ ಹೊತ್ತಿನಲ್ಲಿ ಖಣಕ್ಕೆ ಕತ್ತರಿ ಹಾಕಬಾರದು. ಅಳತೆಯ ಅರಿವೆ, ಒಮ್ಮೆ ತಪ್ಪಿ ಕತ್ತರಿಸಿದರೆ ಮತ್ತೆ ಕೂಡಿಸಲು ಬರುವುದಿಲ್ಲ. ಹುಕ್ಕು, ಹೆಮ್ಮಿಂಗ್, ಗೊಂಡೆ ಕಟ್ಟುವುದು ಇವೆಲ್ಲ ಊಟ ಆದ ಮೇಲೆ.

ಇನ್ನು ಡಬ್ಬಿ. ನಮ್ಮ ಸೀಮೆಯ ಊಟಕ್ಕಿಂತ ಒಳ್ಳೆಯದನ್ನು ನಾನು ಎಲ್ಲೂ ಹುಡುಕಲಿಲ್ಲ. ಎರಡು ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಒಂದು ಸೊಪ್ಪು, ಶೇಂಗಾ ಚಟ್ನಿ ಅಥವಾ ಅಗಸಿ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೂಲಂಗಿ ಸಿಕ್ಕರೆ ಮೂಲಂಗಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಹೆಚ್ಚುಕಡಿಮೆ ಅಷ್ಟೇ ಪ್ರೋಟೀನು ಇರುತ್ತದೆ. ಕುಳಿತಲ್ಲೇ ಕೆಲಸ ಮಾಡುವವರಿಗೆ ಹೊಟ್ಟೆ ಕಟ್ಟುವ ತೊಂದರೆ ಜಾಸ್ತಿ. ಅದಕ್ಕೆ ಈ ನಾರು ಬೇಕೇ ಬೇಕು. ಅನ್ನವೊಂದನ್ನೇ ಉಂಡ ದಿನ ನಾಲ್ಕಕ್ಕೆಲ್ಲ ಮತ್ತೆ ಹಸಿವು. ರೊಟ್ಟಿ ಕಾಳು ಉಂಡ ದಿನ ಸಂಜೆಯವರೆಗೆ ಆ ಕಡೆ ಗಮನವೇ ಹೋಗುವುದಿಲ್ಲ.

ಕಾಳಿನ ಬಗ್ಗೆ ಸ್ವಲ್ಪ ಹೇಳಬೇಕು. ಮಡಿಕೆ, ಹೆಸರು ಬೆಳಿಗ್ಗೆ ನೆನೆಹಾಕಿ, ರಾತ್ರಿ ನೀರು ಬಸಿದು ತೆಳ್ಳಗಿನ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತೇನೆ. ಬೇಸಿಗೆಯಲ್ಲಿ ಬೆಳಗಾಗುವಷ್ಟರಲ್ಲಿ ಮೊಳಕೆ ಗಂಟಿನಿಂದ ಹೊರಗೆ ಇಣುಕುತ್ತದೆ. ಚಳಿಗಾಲದಲ್ಲಿ ಇನ್ನೊಂದು ದಿನ ಬೇಕು. ಒಗ್ಗರಣೆಗೆ ಸ್ವಲ್ಪೇ ಎಣ್ಣೆ, ಬಳ್ಳೊಳ್ಳಿ, ಖಾರ, ನೀರು ಚಿಮುಕಿಸಿ ಮುಚ್ಚಿದರೆ ಆಯಿತು. ಹತ್ತು ನಿಮಿಷದ ಕೆಲಸ. ಅಗಸಿಯನ್ನು ಹುರಿದು ಕುಟ್ಟಿಯೇ ತಿನ್ನಬೇಕು, ಇಡೀ ಕಾಳು ಜೀರ್ಣವಾಗದೆ ಹಾಗೇ ಹೋಗುತ್ತದೆ. ಕುಟ್ಟಿದ್ದು ಬಹಳ ದಿನ ಇಟ್ಟರೆ ಎಣ್ಣೆ ಕಮಟು ವಾಸನೆ ಬರುತ್ತದೆ, ಅದಕ್ಕೆ ಒಂದು ವಾರಕ್ಕೆ ಆಗುವಷ್ಟು ಮಾತ್ರ ಮಾಡುತ್ತೇನೆ.

ಚಹಾದ್ದು ಬೇರೆ ಕತೆ. ಒಮ್ಮೆ ತಲೆ ಸುತ್ತು ಅಂತ ಡಾಕ್ಟರ ಹತ್ತಿರ ಹೋದಾಗ ರಕ್ತ ಪರೀಕ್ಷೆ ಮಾಡಿಸಿದರು. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಇರಬಾರದು, ನನ್ನದು ಅದಕ್ಕಿಂತ ಕಡಿಮೆ ಇತ್ತು. ಗುಳಿಗೆ ಕೊಟ್ಟರು. ಜೊತೆಗೆ "ಊಟದ ಬೆನ್ನಿಗೇ ಚಹಾ ಕುಡೀತೀರೇನು?" ಅಂತ ಕೇಳಿದರು. ಅಂಗಡಿಯಲ್ಲಿ ಚಹಾ ಅಂದರೆ ಮರ್ಯಾದೆ. ಗಿರಾಕಿಗೆ ತರಿಸಿದರೆ ಕೂಡ ಕುಡಿಯಲೇಬೇಕು. ಚಹಾದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶ ಸೊಪ್ಪು, ಕಾಳಿನ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಕಾಹಾರ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಊಟಕ್ಕೆ ಕನಿಷ್ಠ ಒಂದು ತಾಸು ಮೊದಲು, ಒಂದು ತಾಸು ನಂತರ ಚಹಾ ಕಾಫಿ ಬೇಡ ಅಂತ ಇದೆ. ಈಗ ನಮ್ಮ ಅಂಗಡಿಗೆ ಚಹಾ ಬರುವುದು ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ. ನಡುವೆ ಬಂದವರಿಗೆ ಮಜ್ಜಿಗೆ. ಸಕ್ಕರೆಯೂ ತಾನೇ ಇಳಿಯಿತು. ಊಟಕ್ಕೆ ಕೂತಾಗ ಕಾಳು ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡುತ್ತೇವೆ. ಲಿಂಬೆಯ ಸಿ ವಿಟಮಿನ್ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆ ಇರುವಾಗ ನಮಗೇನು ಕೊರತೆ!

ಯಾರೂ ಬಾಯಿ ಬಿಟ್ಟು ಹೇಳದ ಒಂದು ಮಾತು ಹೇಳುತ್ತೇನೆ. ಬಾಡಿಗೆ ಅಂಗಡಿ ಇಟ್ಟುಕೊಂಡ ಹೆಂಗಸರಲ್ಲಿ ಎಷ್ಟೋ ಜನ ನೀರೇ ಕುಡಿಯುವುದಿಲ್ಲ. ಹತ್ತಿರ ಶೌಚಾಲಯ ಇರುವುದಿಲ್ಲ, ಅದಕ್ಕೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಊರಲ್ಲಿ ಇದು ಬಹಳ ಕೆಟ್ಟದ್ದು. ಉರಿಮೂತ್ರ, ತಲೆನೋವು, ಕಿಡ್ನಿ ಕಲ್ಲು, ಎಲ್ಲಕ್ಕೂ ಇದು ದಾರಿ. ನಾನು ಅಂಗಡಿ ಹಿಡಿಯುವಾಗ ಮಾಲೀಕರ ಮನೆಯವರ ಹತ್ತಿರ ಮೊದಲೇ ಮಾತಾಡಿ ಅವರ ಹಿತ್ತಲಿನ ಶೌಚಾಲಯ ಬಳಸುವ ಒಪ್ಪಂದ ಮಾಡಿಕೊಂಡೆ. ಬಾಡಿಗೆಯಲ್ಲಿ ಸ್ವಲ್ಪ ಜಾಸ್ತಿ ಹೋದರೂ ಹೋಗಲಿ. ಹೊಸದಾಗಿ ಅಂಗಡಿ ಹಾಕುವ ಅಕ್ಕತಂಗಿಯರಿಗೆ ನಾನು ಮೊದಲು ಕೇಳುವುದು ಇದನ್ನೇ. ಮಿಷನ್ ಯಾವುದು ತಗೊಂಡಿ ಅನ್ನುವುದೆಲ್ಲ ಆಮೇಲೆ.

ಸಂಜೆ ಆರರ ಹೊತ್ತಿಗೆ ಮೂಲೆಯ ಗಾಡಿಯಿಂದ ಮಿರ್ಚಿ ಭಜಿಯ ವಾಸನೆ ಬರುತ್ತದೆ. ವಾರಕ್ಕೊಮ್ಮೆ ಸಂತೋಷದಿಂದ ತಿನ್ನುತ್ತೇವೆ. ಉಳಿದ ದಿನ ಹುರಿದ ಶೇಂಗಾ, ಪುಟಾಣಿ (ಹುರಿಗಡಲೆ), ಒಂದು ಚೂರು ಬೆಲ್ಲ. ಆ ಡಬ್ಬಿ ದಾರದ ಪೆಟ್ಟಿಗೆಯ ಪಕ್ಕದಲ್ಲೇ ಕೈಗೆ ಎಟಕುವಂತೆ ಇರುತ್ತದೆ. ದೂರ ಇಟ್ಟರೆ ಯಾರೂ ಏಳುವುದಿಲ್ಲ.

ಸ್ವಂತ ದುಡಿಮೆಯಲ್ಲಿ ದುಡ್ಡು ಎಲ್ಲ ತಿಂಗಳೂ ಒಂದೇ ಸಮ ಬರುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಕಾಯಿಪಲ್ಲೆ, ಕಾಳು, ಹಾಲಿಗೆ. ಅದಕ್ಕೆ ಹಿಂಗಾರಿ ಜೋಳದ ಸುಗ್ಗಿ ಮುಗಿದು ರೇಟು ಇಳಿದಾಗ, ಫೆಬ್ರವರಿ ಮಾರ್ಚಿನಲ್ಲಿ, ವರ್ಷಕ್ಕೆ ಬೇಕಾದ ಜೋಳ ತಂದು ಬಿಸಿಲಿಗೆ ಒಣಗಿಸಿ ಬೇವಿನ ಎಲೆ ಹಾಕಿ ಇಡುತ್ತೇವೆ. ತೊಗರಿ, ಕಡಲೆ, ಮಡಿಕೆಯೂ ಹಾಗೇ. ಹಿಟ್ಟು ಮಾತ್ರ ಆಗಾಗ ಸ್ವಲ್ಪಸ್ವಲ್ಪ ಬೀಸಿಸಬೇಕು. ಹಳೇ ಹಿಟ್ಟು ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿ ಬಡಿಯುವಾಗ ಬಿರಿಯುತ್ತದೆ. ಮನೆಯಲ್ಲಿ ಕಾಳು ತುಂಬಿದ್ದರೆ ಗಿರಾಕಿ ಇಲ್ಲದ ತಿಂಗಳಲ್ಲೂ ಡಬ್ಬಿ ಬದಲಾಗುವುದಿಲ್ಲ.

ದೀಪಾವಳಿಗೆ ಹಿಂದಿನ ವಾರ, ಮತ್ತೆ ಮೇ ತಿಂಗಳ ಮದುವೆಗಳು ಬಂದಾಗ ರಾತ್ರಿ ಹತ್ತರವರೆಗೆ ಮಿಷನ್ ಓಡುತ್ತದೆ. ಆಗ ಮನೆಯಲ್ಲಿ ರೊಟ್ಟಿ ಬಡಿಯಲು ಆಗುವುದಿಲ್ಲ. ರೊಟ್ಟಿ ಕೇಂದ್ರದಿಂದ ಖಡಕ್ ರೊಟ್ಟಿ ಮೊದಲೇ ತಂದಿಡುತ್ತೇನೆ, ವಾರಗಟ್ಟಲೆ ಕೆಡುವುದಿಲ್ಲ. ರಾತ್ರಿ ಊಟ ಎಂಟಕ್ಕೇ ಅಂಗಡಿಯಲ್ಲಿ, ಜೋಳದ ನುಚ್ಚು ಮಜ್ಜಿಗೆ. ಮನೆಗೆ ಹೋಗಿ ಹತ್ತೂವರೆಗೆ ಹೊಟ್ಟೆ ತುಂಬ ಉಂಡು ಹಾಗೇ ಮಲಗಿದರೆ ಎದೆಯುರಿ.

ಹುಡುಗಿಯರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಸೀಸನ್ನಿನಲ್ಲಿ ಇನ್ನೊಂದು ಪೀಸು ಆಗಲಿ ಅಂತ ಅವರು ಊಟ ಬಿಡಲು ನೋಡುತ್ತಾರೆ. ಅದಕ್ಕೆ ಒಂದೂವರೆಗೆ ನಾನೇ ಎದ್ದು ಮೂರೂ ಮಿಷನ್ನಿನ ಸ್ವಿಚ್ ಆರಿಸುತ್ತೇನೆ. ಆ ಅರ್ಧ ಗಂಟೆಗೆ ಅವರಿಗೆ ಕೂಲಿ ಸೇರಿಸಿಯೇ ವಾರದ ಲೆಕ್ಕ ಮಾಡುವುದು.