ಸೀಸಿಯಂ ಸಿಕ್ಕಿತು, ಪುಡಿ ಸಿಗಲಿಲ್ಲ

ನೀರಿನಿಂದ ಸೀಸಿಯಂ (ಒಂದು ಲೋಹ, ಇದರ ವಿಕಿರಣವಿರುವ ರೂಪ ಅಪಾಯಕಾರಿ) ತೆಗೆಯುವುದೇ ದೊಡ್ಡ ಕೆಲಸ ಅಂದುಕೊಂಡು ಇದಕ್ಕೆ ಕೈ ಹಾಕಿದ್ದೆ. ಅದು ಮೊದಲ ವಾರವೇ ಆಗಿಹೋಯಿತು. ಸೀಸಿಯಂ ಹಿಡಿದ ಪುಡಿಯನ್ನು ಅದೇ ನೀರಿನಿಂದ ವಾಪಸ್ ತೆಗೆಯುವುದಕ್ಕೆ ಮಾತ್ರ ತಿಂಗಳುಗಟ್ಟಲೆ ಹೆಣಗಿದೆ.

ಪುಡಿ ಎಂದರೆ ಪ್ರಷ್ಯನ್ ಬ್ಲೂ, 300 ವರ್ಷಗಳಿಂದ ಚಿತ್ರಕಾರರು ಬಳಸುತ್ತಿರುವ ಅದೇ ಕಡು ನೀಲಿ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ, ಯಾರೂ ಕೇಳುವವರಿಲ್ಲದೆ ಬಿದ್ದಿದ್ದ ವಿಕಿರಣ ಚಿಕಿತ್ಸೆಯ ಯಂತ್ರದಿಂದ ಸೀಸಿಯಂ-137 ಹೊರಬಂದು ಜನರ ಮೈ ಸೇರಿದಾಗ ವೈದ್ಯರು ಅವರಿಗೆ ನುಂಗಿಸಿದ್ದೂ ಇದನ್ನೇ. ಕಬ್ಬಿಣ ಮತ್ತು ಸಯನೈಡ್ ಸೇರಿ ಕಟ್ಟಿದ ಪಂಜರ ಇದು. ಸೀಸಿಯಂ ಅಯಾನು ಅದರೊಳಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಸೋಡಿಯಂ ತನ್ನ ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಅಪ್ಪಿಕೊಂಡು ದಪ್ಪಗಾಗಿರುತ್ತದೆ, ಹಾಗಾಗಿ ಅದಕ್ಕೆ ಒಳಗೆ ನುಗ್ಗುವುದು ಕಷ್ಟ. ಸ್ವಲ್ಪ ಪೈಪೋಟಿ ಕೊಡುವುದು ಪೊಟ್ಯಾಸಿಯಂ.

ಮಾಡುವುದೂ ಸುಲಭ. ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಪೊಟ್ಯಾಸಿಯಂ ಫೆರೊಸಯನೈಡ್ ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ. ಆದರೆ ಕಣಗಳು ಎಷ್ಟು ಸಣ್ಣವೆಂದರೆ ಶೋಧಕ ಕಾಗದದ ಮೇಲೆ ಸುರಿದದ್ದು ಅಷ್ಟೇ ನೀಲಿಯಾಗಿ ಕೆಳಗಿಳಿಯಿತು. ಕಳ್ಳನನ್ನು ಹಿಡಿದ ಪೊಲೀಸನೇ ಸಂತೆಯಲ್ಲಿ ಕಳೆದುಹೋದ ಹಾಗೆ.

ಅದಕ್ಕೇ ಅಯಸ್ಕಾಂತದ ದಾರಿ ಹಿಡಿದದ್ದು: ಅಯಸ್ಕಾಂತ ಎಳೆಯುವ ಕಣದ ಮೇಲೆ ನೀಲಿಯನ್ನು ಹೊದಿಸಿದರೆ ಪುಡಿಯನ್ನು ವಾಪಸ್ ಎಳೆದುಕೊಳ್ಳಬಹುದು. 5.4 ಗ್ರಾಂ ಫೆರಿಕ್ ಕ್ಲೋರೈಡ್ (ಹರಳಿನಲ್ಲಿ ಆರು ನೀರಿನ ಅಣು ಇರುವಂಥದ್ದು), 2 ಗ್ರಾಂ ಫೆರಸ್ ಕ್ಲೋರೈಡ್ (ನಾಲ್ಕು ಅಣು ಇರುವಂಥದ್ದು) ಕರಗಿಸಿ, ನೈಟ್ರೋಜನ್ ಹಾಯಿಸುತ್ತಾ ಅಮೋನಿಯಾ ಸೇರಿಸಿದರೆ ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್, ಕಪ್ಪಗೆ ಇಳಿಯುತ್ತದೆ. ಲೆಕ್ಕದ ಪ್ರಕಾರ 2.3 ಗ್ರಾಂ ಬರಬೇಕು. ಗಾಳಿ ಆಡಿದರೆ ಕಪ್ಪು ಹೋಗಿ ಕಂದು ಬರುತ್ತದೆ. ಫೆರಸ್ ಪುಡಿ ಹಳೆಯದಾಗಿದ್ದರೂ ಇದೇ ಗತಿ. ಅಮೋನಿಯಾ ವಾಸನೆ ಹೋಗುವವರೆಗೂ ಇದನ್ನು ತೊಳೆದು, ಫೆರೊಸಯನೈಡ್ ದ್ರಾವಣದಲ್ಲಿ ಕಲಕಿ, ತೆಳು ಹೈಡ್ರೊಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಪಿಹೆಚ್ 3ರ ಆಸುಪಾಸಿಗೆ ತರುತ್ತೇನೆ. ಆಮ್ಲಕ್ಕೆ ಕಣದ ಮೈಯಿಂದ ಚೂರು ಕಬ್ಬಿಣ ಕರಗುತ್ತದೆ, ಕರಗಿದ ಜಾಗದಲ್ಲೇ ಫೆರೊಸಯನೈಡ್ ಜೊತೆ ಕೂಡಿ ನೀಲಿ ಹೊದಿಕೆಯಾಗುತ್ತದೆ. ಇದೆಲ್ಲ ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆಳೆಯುವ ಪೆಟ್ಟಿಗೆ) ಒಳಗೇ, ತಣ್ಣಗೇ. ಫೆರೊಸಯನೈಡಿಗೆ ಆಮ್ಲ ಹಾಕಿ ಬಿಸಿ ಮಾಡಿದರೆ ಹೈಡ್ರೊಜನ್ ಸಯನೈಡ್ ಎಂಬ ಮಾರಕ ವಿಷಾನಿಲ ಏಳುತ್ತದೆ, ಅದರ ಜೊತೆ ಆಟವಿಲ್ಲ.

ಪ್ರಯೋಗಕ್ಕೆ ವಿಕಿರಣವಿರುವ ಸೀಸಿಯಂ ಬೇಕಿಲ್ಲ. ಸಾಧಾರಣ ಸೀಸಿಯಂ ಕ್ಲೋರೈಡ್ ಸಾಕು. ರಾಸಾಯನಿಕವಾಗಿ ಸಾಧಾರಣ ಸೀಸಿಯಂ-133 ಆದರೂ ವಿಕಿರಣದ ಸೀಸಿಯಂ-137 ಆದರೂ ಒಂದೇ.

ಮೊದಲ ಫಲಿತಾಂಶ ನೋಡಿ ನಾಚಿಕೆಯಾಯಿತು. 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ನೀರಿನಲ್ಲಿರುವ ಲೋಹಗಳನ್ನು ಅಳೆಯುವ ಯಂತ್ರವಾದ ಐಸಿಪಿ-ಎಂಎಸ್‌ಗೆ ಕೊಟ್ಟ ನೀರಿನಲ್ಲಿ ಸೀಸಿಯಂ ಇನ್ನೂ ಬೇಕಾದಷ್ಟಿತ್ತು. ಪುಡಿ ಕೆಲಸ ಮಾಡುತ್ತಿಲ್ಲ ಎಂದೇ ತೀರ್ಮಾನಿಸಿ ಎರಡು ಸಲ ಹೊಸದಾಗಿ ಮಾಡಿದೆ. ಅದೇ ಕತೆ. ಒಂದು ಸಂಜೆ ಸೀಸೆಯನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿದರೆ ಬರಿಗಣ್ಣಿಗೆ ಕಂಡೂ ಕಾಣದಷ್ಟು ನೀಲಿ ಛಾಯೆ. ಪುಡಿ ಸೀಸಿಯಂ ಹಿಡಿದೇ ಇತ್ತು. ಮ್ಯಾಗ್ನೆಟೈಟಿಗೆ ಅಂಟದೆ ಬಿಡಿಬಿಡಿಯಾಗಿ ಹುಟ್ಟಿದ್ದ ನೀಲಿ ಕಣಗಳು ಅದನ್ನು ಹೊತ್ತುಕೊಂಡೇ ಫಿಲ್ಟರ್ ದಾಟಿದ್ದವು. ಯಂತ್ರ ಅದನ್ನೂ ಎಣಿಸಿತ್ತು.

ಆಮೇಲಿಂದ ತೊಳೆಯುವ ರೀತಿ ಬದಲಾಯಿತು. ಸೀಸೆಯ ಪಕ್ಕಕ್ಕೆ ಅಯಸ್ಕಾಂತ ಹಿಡಿದರೆ ಪುಡಿ ಗಾಜಿನ ಮೇಲೆ ಮೆಲ್ಲಗೆ ಜಾರಿ ಒಂದೆಡೆ ಕಪ್ಪುನೀಲಿ ಮಚ್ಚೆಯಾಗುತ್ತದೆ. ಉಳಿದ ನೀಲಿ ನೀರನ್ನು ಬಸಿದು, ಹೊಸ ನೀರು ಹಾಕಿ, ಮತ್ತೆ ಎಳೆಸುತ್ತೇನೆ. ಬಸಿದ ನೀರು ಬಿಳಿ ಕಾಗದದೆದುರು ಬಿಳಿಯಾಗಿಯೇ ಕಾಣುವ ತನಕ ಬಿಡುವುದಿಲ್ಲ. ಕಣ ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು ಎನ್ನುವ ಮಾತನ್ನು ನಾನೀಗ ಒಪ್ಪುವುದಿಲ್ಲ. 10 ನ್ಯಾನೊಮೀಟರಿನ ಬಿಡಿ ಕಣವನ್ನು ಅಯಸ್ಕಾಂತ ಎಳೆಯುವ ಬಲಕ್ಕಿಂತ ನೀರಿನ ಅಣುಗಳ ತಳ್ಳಾಟವೇ ಜೋರು. ಚೂರು ಗುಂಪುಗಟ್ಟಿದ ಪುಡಿಯೇ ನನಗೆ ಬೇಕಾದದ್ದು.

ಇನ್ನೊಂದು ಎಡವಟ್ಟು ಪೂರ್ತಿ ನನ್ನದೇ. ಪಿಹೆಚ್ ಸರಿಪಡಿಸುವಾಗ ಸೋಡಿಯಂ ಹೈಡ್ರಾಕ್ಸೈಡ್ ಜಾಸ್ತಿ ಬಿತ್ತು, ನೋಡಿಯೂ ನೋಡದ ಹಾಗೆ ಹೊರಟುಬಿಟ್ಟೆ. ಬೆಳಗ್ಗೆ ನೀಲಿ ಮಾಯವಾಗಿ ತುಕ್ಕಿನ ಬಣ್ಣ. ಕ್ಷಾರದಲ್ಲಿ ಪಂಜರ ಕಳಚಿಕೊಳ್ಳುತ್ತದೆ: ಕಬ್ಬಿಣ ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತದೆ, ಫೆರೊಸಯನೈಡ್ ನೀರಿಗೆ ಹೋಗುತ್ತದೆ, ಒಳಗಿದ್ದ ಸೀಸಿಯಂ ಕೂಡ.

ಪ್ರಮಾಣದ ವಿಷಯವನ್ನೂ ಹೇಳಬೇಕು. ಕುಡಿಯುವ ನೀರಿನಲ್ಲಿ ಸೀಸಿಯಂ-137ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಾರ್ಗದರ್ಶಿ ಮಟ್ಟ ಲೀಟರಿಗೆ 10 ಬೆಕರೆಲ್ (ವಿಕಿರಣಶೀಲತೆಯ ಅಳತೆ). ತೂಕದಲ್ಲಿ ಅದು ಸುಮಾರು 3 ಪಿಕೊಗ್ರಾಂ (ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೊಗ್ರಾಂ). ನಾನು ಪ್ರಯೋಗಕ್ಕೆ ಹಾಕುವುದು ಲೀಟರಿಗೆ 1 ಮಿಲಿಗ್ರಾಂ, ಅಂದರೆ 30 ಕೋಟಿ ಪಟ್ಟಿಗೂ ಹೆಚ್ಚು. ಹಾಗಾಗಿ ಶೇಕಡಾ 99 ತೆಗೆದೆ ಎಂದು ಬೀಗುವವರನ್ನು ಕಂಡರೆ ನಾನು ಮೊದಲು ಕೇಳುವುದು ಎಷ್ಟರಲ್ಲಿ, ಯಾವ ನೀರಿನಲ್ಲಿ ಎಂದು. ಭಟ್ಟಿ ಇಳಿಸಿದ ನೀರಿನಲ್ಲಿ ಎಲ್ಲ ಪುಡಿಯೂ ಜಾಣ. ಲೀಟರಿಗೆ 400 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ ಇರುವ ಸಮುದ್ರದ ನೀರಿಗೆ ಹಾಕಿ ನೋಡಬೇಕು.

ಪುಡಿ ಒಣಗಿಸುವಾಗ 60 ಡಿಗ್ರಿ ದಾಟಿಸುವುದಿಲ್ಲ. ಪ್ರತಿ ಮಾದರಿಯಲ್ಲೂ ಸೀಸಿಯಂ ಜೊತೆಗೆ ಕಬ್ಬಿಣವನ್ನೂ ಅಳೆಸುತ್ತೇನೆ. ಕಬ್ಬಿಣ ಏರಿದೆಯೆಂದರೆ ಪುಡಿ ಎಲ್ಲಿಂದಲೋ ತಪ್ಪಿಸಿಕೊಂಡಿದೆ ಎಂದರ್ಥ, ಆಗ ಸೀಸಿಯಂ ಅಂಕಿಯನ್ನು ನೋಡಲೂ ಹೋಗುವುದಿಲ್ಲ.