ಮುಚ್ಚುವ ಕಾಲೇಜಿನಿಂದ ಕ್ರೆಡಿಟ್ ಉಳಿಸಿಕೊಂಡದ್ದು: ನನ್ನ ಅನುಭವ

2022ರ ಫೆಬ್ರವರಿಯಲ್ಲಿ ಒಂದು ಸಂಜೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅಕೌಂಟಿಂಗ್ ಸಾಫ್ಟ್‌ವೇರ್ ತೆರೆದರೆ, ಲೈಸನ್ಸ್ ಅವಧಿ ಮುಗಿದಿದೆ ಎಂದು ತೋರಿಸಿತು. ನಾಳೆ ಸರಿಹೋಗುತ್ತೆ ಅಂದರು ಮೇಷ್ಟ್ರು. ಎರಡು ವಾರವಾದರೂ ಸರಿಹೋಗಲಿಲ್ಲ. ಮೂರನೇ ವಾರ ಮೇಷ್ಟ್ರೇ ಬರಲಿಲ್ಲ. ಬೆಳಗಿನವರನ್ನೂ ಸಂಜೆಯವರನ್ನೂ ಒಂದೇ ತರಗತಿಗೆ ಸೇರಿಸಿದರು. ಆಫೀಸಿನಲ್ಲಿ ಸಾಲದ ಹಣದ ಬಗ್ಗೆ ಕೇಳಿದರೆ ಪ್ರತಿ ಸಲವೂ ಹೊಸ ಮುಖ, ಹೊಸ ಉತ್ತರ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ದಾವಣಗೆರೆಯಲ್ಲಿ ಬಿ.ಕಾಂ. ಎರಡು ವರ್ಷ ಓದಿ ಮದುವೆಯಾಗಿ ಬಂದವಳು. ಗ್ರೀನ್ ಕಾರ್ಡ್ ಬಂದು, ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಓದು ಮುಗಿಸಲೇಬೇಕು ಅನ್ನಿಸಿತು. ಮನೆ ಹತ್ತಿರವೇ ಲಾಭಕ್ಕಾಗಿ ನಡೆಸುವ ಒಂದು ಖಾಸಗಿ ಕಾಲೇಜು ಇತ್ತು. ಸಂಜೆ ತರಗತಿ, ಕೂಡಲೇ ಸೇರಬಹುದು, ಫೀಸಿಗೆ ಫೆಡರಲ್ ಸಾಲ, ಅಂದರೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಸಾಲ. ಸೇರಿಬಿಟ್ಟೆ. ಒಂದೂವರೆ ವರ್ಷದಲ್ಲಿ 14 ವಿಷಯ ಮುಗಿಸಿದ್ದೆ, ಒಟ್ಟು 56 ಕ್ರೆಡಿಟ್. ಕ್ರೆಡಿಟ್ ಅಂದರೆ ಮುಗಿಸಿದ ವಿಷಯ ಪದವಿಯ ಲೆಕ್ಕಕ್ಕೆ ಎಷ್ಟು ಸೇರುತ್ತದೆ ಎಂಬ ಎಣಿಕೆ.

ಇಂಥ ಕಾಲೇಜುಗಳು ರಾತ್ರೋರಾತ್ರಿ ಬಾಗಿಲು ಹಾಕುವುದು ಅಮೆರಿಕದಲ್ಲಿ ಹೊಸದಲ್ಲ. 2015ರ ಏಪ್ರಿಲ್‌ನಲ್ಲಿ ಕೊರಿಂಥಿಯನ್ ಕಾಲೇಜಸ್ ಉಳಿದಿದ್ದ ಕ್ಯಾಂಪಸ್‌ಗಳನ್ನೆಲ್ಲ ಮುಚ್ಚಿತು. 2016ರ ಸೆಪ್ಟೆಂಬರ್‌ನಲ್ಲಿ ಐಟಿಟಿ ಟೆಕ್ 130ಕ್ಕೂ ಹೆಚ್ಚು ಕ್ಯಾಂಪಸ್‌ಗಳನ್ನು ಒಂದೇ ಸಲಕ್ಕೆ ಮುಚ್ಚಿತು. ಇದನ್ನೆಲ್ಲ ನಾನು ಓದಿದ್ದು ಲ್ಯಾಬ್ ನಿಂತ ಮೇಲೆ. ಆಗಲೇ ಹೈಟನ್ಡ್ ಕ್ಯಾಶ್ ಮಾನಿಟರಿಂಗ್ ಎಂಬ ಪಟ್ಟಿಯೂ ಕಣ್ಣಿಗೆ ಬಿತ್ತು. ಫೆಡರಲ್ ಶಿಕ್ಷಣ ಇಲಾಖೆ ಯಾವ ಕಾಲೇಜುಗಳ ಹಣಕಾಸಿನ ಮೇಲೆ ಹೆಚ್ಚಿನ ನಿಗಾ ಇಟ್ಟಿದೆ ಎಂದು ಪ್ರಕಟಿಸುವ ಪಟ್ಟಿ ಅದು. ಆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕಾಲೇಜು ಮುಚ್ಚುತ್ತದೆ ಅಂತಲ್ಲ. ಆದರೆ ಅಂಥ ಕಾಲೇಜು ವಿದ್ಯಾರ್ಥಿಗೆ ಮೊದಲು ತನ್ನ ಕೈಯಿಂದ ಹಣ ಕೊಟ್ಟು, ಆಮೇಲೆ ಸರ್ಕಾರದಿಂದ ಪಡೆಯಬೇಕು. ಕೈಯಲ್ಲಿ ಕಾಸಿಲ್ಲದ ಕಾಲೇಜಿಗೆ ಇದು ದೊಡ್ಡ ಪೆಟ್ಟು. ನಮ್ಮ ಕಾಲೇಜಿನ ಹೆಸರು ಅಲ್ಲಿತ್ತು.

ಸೇರುವಾಗ ಸಹಿ ಹಾಕಿದ್ದ ಒಪ್ಪಂದವನ್ನು ಆವತ್ತು ರಾತ್ರಿ ಹುಡುಕಿ ತೆಗೆದೆ. ಒಂದು ಪುಟದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು: ಇಲ್ಲಿ ಗಳಿಸಿದ ಕ್ರೆಡಿಟ್ ಬೇರೆ ಕಡೆ ನಡೆಯುತ್ತದೋ ಇಲ್ಲವೋ ಎಂಬುದು ನೀವು ಸೇರಲಿರುವ ಸಂಸ್ಥೆಗೆ ಬಿಟ್ಟದ್ದು. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಕಾಲೇಜುಗಳು ಇದನ್ನು ಒಪ್ಪಂದದಲ್ಲಿ ಹಾಕಲೇಬೇಕು ಎಂಬ ಕಾನೂನಿದೆ. ನಾನು ಓದದೆ ಸಹಿ ಹಾಕಿದ್ದೆ. ಓದಿದ್ದರೂ ಅರ್ಥ ಆಗುತ್ತಿತ್ತೋ ಇಲ್ಲವೋ. ಅಡ್ಮಿಷನ್‌ನವರು ಬಾಯಲ್ಲಿ ಹೇಳಿದ್ದೇ ಬೇರೆ.

ಮರುದಿನದಿಂದಲೇ ಕಾಗದ ಕೂಡಿಸಲು ಶುರು ಮಾಡಿದೆ. ಅಧಿಕೃತ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ, ಮೂರು ಪ್ರತಿ, ಸೀಲ್ ಹಾಕಿದ ಕವರಿನಲ್ಲಿ. ನನ್ನ ಲೆಕ್ಕದಲ್ಲಿ 212 ಡಾಲರ್ ಬಾಕಿ ಇತ್ತು, ಅದನ್ನು ಕಟ್ಟದೆ ಕೊಡುವುದಿಲ್ಲ ಅಂದರು. ಬಾಕಿ ಇದೆ ಎಂದು ಟ್ರಾನ್ಸ್‌ಕ್ರಿಪ್ಟ್ ತಡೆಹಿಡಿಯುವಂತಿಲ್ಲ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ಇದೆ. ಅದನ್ನು ಪ್ರಿಂಟ್ ಮಾಡಿಕೊಂಡು ಹೋಗಿ ತೋರಿಸಿದೆ. ಆ ವಾರವೇ ಕೊಟ್ಟರು.

ಆದರೆ ಟ್ರಾನ್ಸ್‌ಕ್ರಿಪ್ಟಿಗಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಸಿಲಬಸ್. ಪ್ರತಿ ವಿಷಯದ ಸಿಲಬಸ್, ಪಠ್ಯಪುಸ್ತಕದ ಹೆಸರು ಮತ್ತು ಆವೃತ್ತಿ, ಯಾವ ವಾರ ಯಾವ ಅಧ್ಯಾಯ, ನಾನು ಬರೆದ ಅಸೈನ್‌ಮೆಂಟ್, ಮೌಲ್ಯಮಾಪನ ಮಾಡಿದ ಉತ್ತರಪತ್ರಿಕೆ. ಪೋರ್ಟಲ್‌ನಲ್ಲಿದ್ದದ್ದನ್ನೆಲ್ಲ ಇಳಿಸಿಕೊಂಡು, ಪ್ರಿಂಟ್ ತೆಗೆದು, ದಪ್ಪ ನೀಲಿ ಫೈಲಿನಲ್ಲಿ ಹಾಕಿದೆ. ನಮ್ಮಪ್ಪನದು ದಾವಣಗೆರೆ ಎಪಿಎಂಸಿಯಲ್ಲಿ ಅಡತ್ ಅಂಗಡಿ. ಕಿರ್ದಿ ಬರೆಯುವ ಗುಮಾಸ್ತರು ಏನು ಹೇಳಿದರೂ ಅಪ್ಪ ಕೇಳುತ್ತಿದ್ದದ್ದು ಒಂದೇ: "ಚೀಟಿ ಎಲ್ಲೈತೆ?" ಆ ಮಾತು ತಲೆಯಲ್ಲಿ ಕೂತಿತ್ತು.

ಆಮೇಲೆ ನಮ್ಮೂರಿನ ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಪದವಿ ಕೊಡುವ ಸರ್ಕಾರಿ ಕಾಲೇಜಿಗೆ ಹೋದೆ. ಮೊದಲ ಉತ್ತರ ಒಂದು ಸಾಲಿನ ಇಮೇಲ್: 14ರಲ್ಲಿ ಒಂದೂ ನಡೆಯುವುದಿಲ್ಲ. ಕಾರಣ ಮಾನ್ಯತೆ. ನನ್ನ ಹಳೆ ಕಾಲೇಜಿಗೆ ಇದ್ದದ್ದು ವೃತ್ತಿ ಕಾಲೇಜುಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಮಾನ್ಯತೆ. ಇವರ ನಿಯಮಪುಸ್ತಕ ಕೇಳುವುದು ಪ್ರಾದೇಶಿಕ ಮಾನ್ಯತೆ. ಕೇಳಲು ರಾಷ್ಟ್ರೀಯ ಅಂದರೆ ದೊಡ್ಡದು ಅನ್ನಿಸುತ್ತೆ, ಅಲ್ವಾ? ಇಲ್ಲಿ ಉಲ್ಟಾ. ಸರ್ಕಾರಿ ಕಾಲೇಜು, ಹೆಸರಾಂತ ವಿಶ್ವವಿದ್ಯಾಲಯಗಳು ಬಹುತೇಕ ಪ್ರಾದೇಶಿಕ ಮಾನ್ಯತೆಯವು. 2020ರ ಜುಲೈನಿಂದ ಫೆಡರಲ್ ನಿಯಮದಲ್ಲಿ ಈ ಭೇದ ತೆಗೆದಿದ್ದಾರೆ. ಆದರೂ ಕ್ರೆಡಿಟ್ ಒಪ್ಪುವುದು ಬಿಡುವುದು ಆಯಾ ಕಾಲೇಜಿನ ಕೈಯಲ್ಲೇ ಇದೆ, ಹಳೆ ಪದ್ಧತಿ ಹಾಗೇ ಉಳಿದಿದೆ.

ಆ ಇಮೇಲ್ ನೋಡಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಎರಡು ದಿನ ಬಿಟ್ಟು ಕೌನ್ಸೆಲರ್ ಬಳಿ ಹೋದೆ. ಆಕೆ ಹೇಳಿದ್ದು ನನ್ನ ದಾರಿಯನ್ನೇ ಬದಲಿಸಿತು. "ನನ್ನ ಕ್ರೆಡಿಟ್ ತಗೋತೀರಾ ಅಂತ ಕೇಳಬೇಡಿ. ಹಾಗೆ ಕೇಳಿದರೆ ಉತ್ತರ ಇಲ್ಲ ಅಂತಲೇ ಬರುತ್ತೆ. ಒಂದೊಂದು ವಿಷಯಕ್ಕೆ ಒಂದೊಂದು ಪಿಟಿಷನ್ ಹಾಕಿ. ಅದು ಆ ವಿಭಾಗದ ಮುಖ್ಯಸ್ಥರ ಬಳಿ ಹೋಗುತ್ತೆ. ಅವರು ವಿಷಯ ನೋಡ್ತಾರೆ." ಕೀಬೋರ್ಡಿಂಗ್, ಕೆರಿಯರ್ ಸ್ಕಿಲ್ಸ್ ಥರದ ಐದು ವಿಷಯ ಬಿಟ್ಟು, ಉಳಿದ ಒಂಬತ್ತಕ್ಕೆ ಒಂಬತ್ತು ಅರ್ಜಿ ಬರೆದೆ. ಎಡಗಡೆ ಅವರ ಕೋರ್ಸಿನ ಪಾಠಗಳು, ಬಲಗಡೆ ನಾನು ಓದಿದ ಅದೇ ಪಾಠ, ಎಷ್ಟನೇ ವಾರ, ಯಾವ ಅಧ್ಯಾಯ. ಒಂದೊಂದಕ್ಕೂ ಒಂದು ಸಂಜೆ ಹಿಡಿಯಿತು.

ಅಕೌಂಟಿಂಗ್ ಮುಖ್ಯಸ್ಥರು ನನ್ನನ್ನು ಬರಹೇಳಿದರು. ವಯಸ್ಸಾದ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಸಿಲಬಸ್ ತಿರುವಿ, ನೇರ ಉತ್ತರಪತ್ರಿಕೆಗೆ ಹೋದರು. ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟು, ಉತ್ತರವನ್ನು ಕೈಯಿಂದ ಮುಚ್ಚಿದರು. 1,200 ಡಾಲರ್ ಕೊಟ್ಟು ಒಂದು ವರ್ಷಕ್ಕೆ ಮುಂಗಡವಾಗಿ ವಿಮೆ ಮಾಡಿಸಿದೆ, ಮೂರು ತಿಂಗಳು ಕಳೆದಿದೆ, ಎಂಟ್ರಿ ಏನು? ವಿಮೆ ಖರ್ಚಿಗೆ ಡೆಬಿಟ್ 300, ಮುಂಗಡ ವಿಮೆಗೆ ಕ್ರೆಡಿಟ್ 300 ಅಂದೆ. ಉಳಿದ 900 ಎಲ್ಲಿ ಕಾಣುತ್ತೆ? ಬ್ಯಾಲೆನ್ಸ್ ಶೀಟಿನಲ್ಲಿ, ಆಸ್ತಿಯ ಕಡೆ. ಹೀಗೇ ಇನ್ನೂ ನಾಲ್ಕು ಪ್ರಶ್ನೆ. ಸವಕಳಿ, ಬ್ಯಾಂಕ್ ಲೆಕ್ಕದ ತಾಳೆ, ಎಲ್ಲ ಕೇಳಿದರು.

ಅಲ್ಲಿಗೆ ಮುಗಿಯಲಿಲ್ಲ. ಹಳೆ ಕಾಲೇಜಿನದು ಸುಮಾರು ಮೂರು ತಿಂಗಳ ಅವಧಿಯ ಕ್ವಾರ್ಟರ್ ಕ್ರೆಡಿಟ್, ಇವರದು ಸೆಮಿಸ್ಟರ್ ಯುನಿಟ್ (ಕ್ರೆಡಿಟ್ಟಿಗೆ ಇಲ್ಲಿ ಯುನಿಟ್ ಅಂತಾರೆ). ಕ್ವಾರ್ಟರಿನ ಮೂರು ಸೆಮಿಸ್ಟರಿನ ಎರಡಕ್ಕೆ ಸಮ. ಹಾಗಾಗಿ ನನ್ನ 4 ಕ್ರೆಡಿಟ್ ಇಲ್ಲಿ 2.67 ಯುನಿಟ್. ಅವರ ಫೈನಾನ್ಷಿಯಲ್ ಅಕೌಂಟಿಂಗ್ 4 ಯುನಿಟ್. ಕಡಿಮೆ ಬೀಳುತ್ತೆ ಅಂದರು. ನಾನು ಎರಡನೇ ಕೋರ್ಸನ್ನೂ ತೆಗೆದಿಟ್ಟೆ. ಒಂದೇ ಪುಸ್ತಕದ ಮೊದಲರ್ಧ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಎರಡೂ ಸೇರಿ 5.33. ಅವರು ಅಧ್ಯಾಯಗಳನ್ನು ಒಂದೊಂದಾಗಿ ಎಣಿಸಿ, ಎರಡೂ ಅರ್ಜಿಯನ್ನು ಒಂದಾಗಿ ಪಿನ್ ಮಾಡಿ ಸಹಿ ಹಾಕಿದರು.

ಒಂಬತ್ತರಲ್ಲಿ ಏಳು ಒಪ್ಪಿದರು, 18.67 ಯುನಿಟ್. ಭಾಷಣ ಕಲೆ ಮತ್ತು ಸ್ಟಾಟಿಸ್ಟಿಕ್ಸ್ ತಿರಸ್ಕಾರವಾದವು. ಭಾಷಣವನ್ನು ಎದುರಿಗೆ ಜನರಿಲ್ಲದೆ ಆನ್‌ಲೈನ್‌ನಲ್ಲಿ ಮಾಡಿದ್ದು ಕಾರಣ, ಅದು ನ್ಯಾಯವೇ. ಇನ್ನೊಂದು ಮಾತು. ಕಮ್ಯುನಿಟಿ ಕಾಲೇಜು ಒಪ್ಪಿದ್ದನ್ನು ಮುಂದೆ ನಾಲ್ಕು ವರ್ಷದ ಪದವಿಗೆ ಸೇರುವ ವಿಶ್ವವಿದ್ಯಾಲಯ ಒಪ್ಪಲೇಬೇಕು ಅಂತಿಲ್ಲ. ಅಲ್ಲಿಯೂ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಊರಿನ ಬಿ.ಕಾಂ. ಕೂಡ ಕೈ ಹಿಡಿಯಿತು. ತಮ್ಮ ದಾವಣಗೆರೆಯಿಂದ ಶಂಕರಘಟ್ಟಕ್ಕೆ, ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಿ ಅಂಕಗಳ ದೃಢೀಕೃತ ಪ್ರತಿ ತಂದ. "ಅಕ್ಕಾ, ಸೀಲ್ ಹಾಕ್ಸೀನಿ, ಕವರ್ ನೀನು ಒಡೀಬ್ಯಾಡ" ಎಂದು ಮೂರು ಸಲ ಹೇಳಿದ. ಅದನ್ನು ಹೊರದೇಶದ ಓದನ್ನು ಅಳೆಯುವ ಇಲ್ಲಿನ ಮೌಲ್ಯಮಾಪನ ಸಂಸ್ಥೆಗೆ ಕಳಿಸಿ, ವರದಿ ತರಿಸಿ, 9 ಯುನಿಟ್ ಸಿಕ್ಕಿತು. ಎರಡು ವರ್ಷದ ಪದವಿಗೆ ಬೇಕಾದ 60ರಲ್ಲಿ ಉಳಿದದ್ದು 32.33, ಪೂರ್ಣ ಯುನಿಟ್ ಲೆಕ್ಕದಲ್ಲಿ 33. ಒಂದು ಯುನಿಟ್ಟಿಗೆ 46 ಡಾಲರ್, ಅಂದರೆ ಎಲ್ಲಕ್ಕೂ 1,518. ಹಳೆ ಕಾಲೇಜಿನಲ್ಲಿ ಒಂದೇ ವಿಷಯಕ್ಕೆ ಅಷ್ಟು ಆಗುತ್ತಿತ್ತು.

ಜೂನ್‌ನಲ್ಲಿ ಹಳೆ ಕಾಲೇಜು ಬಿಟ್ಟೆ. ಮುಂದಿನ ಫೆಬ್ರವರಿಯಲ್ಲಿ ಅದು ಮುಚ್ಚಿತು. ಇಲ್ಲಿ ನನಗೆ ನೋವಿನ ಸಂಗತಿ ಒಂದಿದೆ. ಕಾಲೇಜು ಮುಚ್ಚುವಾಗ ಓದುತ್ತಿದ್ದವರು, ಇಲ್ಲವೇ ಅದಕ್ಕೆ ಹಿಂದಿನ 180 ದಿನದೊಳಗೆ ಬಿಟ್ಟವರು ಫೆಡರಲ್ ಸಾಲ ಮನ್ನಾ ಕೇಳಬಹುದು. ನಾನು ಅದಕ್ಕಿಂತ ಮೊದಲೇ ಬಿಟ್ಟಿದ್ದೆ. ಸಾಲ ಈಗಲೂ ಕಟ್ಟುತ್ತಿದ್ದೇನೆ. ಕ್ರೆಡಿಟ್ ಒಯ್ದು ಅದೇ ಓದನ್ನು ಬೇರೆ ಕಡೆ ಮುಗಿಸಿದರೂ ಮನ್ನಾ ಕೈತಪ್ಪಬಹುದು. ಸಾಲ ದೊಡ್ಡದು, ಕ್ರೆಡಿಟ್ ಕಡಿಮೆ ಅಂತಿರುವವರು ಎರಡನ್ನೂ ತೂಗಿ ನೋಡಿ, ಆಮೇಲೆ ಹೆಜ್ಜೆ ಇಡಬೇಕು. ನನಗೆ ಯಾರೂ ಇದನ್ನು ಹೇಳಿರಲಿಲ್ಲ.

2024ರ ಮೇನಲ್ಲಿ ನನ್ನ ಪದವಿ ಮುಗಿಯಿತು.

ಜೊತೆಗೆ ಓದುತ್ತಿದ್ದ ಹಾಸನದ ಹುಡುಗಿ ಕೊನೆಯವರೆಗೂ ಅಲ್ಲೇ ಇದ್ದಳು. ಗಂಡನ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾ ಅವಳದು, ಹಾಗಾಗಿ ಫೆಡರಲ್ ಸಾಲ ಇಲ್ಲ, ಮನ್ನಾ ಪ್ರಶ್ನೆಯೂ ಇಲ್ಲ. ಕೈಯಿಂದ ಕಟ್ಟಿದ ದುಡ್ಡಿಗಾಗಿ ರಾಜ್ಯದ ಸ್ಟೂಡೆಂಟ್ ಟ್ಯೂಷನ್ ರಿಕವರಿ ಫಂಡ್‌ಗೆ ಅರ್ಜಿ ಹಾಕಿದಳು. ಕಾಲೇಜು ಮುಚ್ಚಿದ ವಾರ ಫೋನ್ ಮಾಡಿ, "ಅಕ್ಕ, ಪೋರ್ಟಲ್ ಓಪನ್ನೇ ಆಗ್ತಿಲ್ಲ, ನನ್ನ ಹತ್ರ ಒಂದು ಸಿಲಬಸ್ಸೂ ಇಲ್ಲ" ಅಂದಳು. ಟ್ರಾನ್ಸ್‌ಕ್ರಿಪ್ಟ್ ಆಮೇಲೆ ಸಿಕ್ಕಿತು. ಸಿಲಬಸ್ ಕೊಡುವವರು ಯಾರೂ ಉಳಿದಿರಲಿಲ್ಲ. ನಾವಿಬ್ಬರೂ ಒಂದೇ ಮೇಷ್ಟ್ರ ಹತ್ತಿರ ಓದಿದವರು. ನೀಲಿ ಫೈಲು ಕೊಂಡುಹೋಗಿ ಅವಳ ಊಟದ ಮೇಜಿನ ಮೇಲೆ ಬಿಚ್ಚಿದೆ. ಅವಳಿಗೆ ಐದು ವಿಷಯ ಸಿಕ್ಕವು. ಫೈಲು ಈಗಲೂ ಅವಳ ಬಳಿಯೇ ಇದೆ, ಇನ್ನೂ ಇಬ್ಬರು ಕೇಳಿದ್ದಾರಂತೆ.