ಮೊದಲ 25 ನಿಮಿಷ: ನನ್ನ ಅನುಭವ

ಶಿವಮೊಗ್ಗದ ಕಾಲೇಜು ಮೈದಾನವೊಂದರಲ್ಲಿ ಡಿಸೆಂಬರ್ ತಿಂಗಳ ಒಂದು ಸಂಜೆ, ಬೆಂಗಳೂರಿನಿಂದ ಬಂದಿದ್ದ ರಾಕ್ ತಂಡಕ್ಕಿಂತ ಮೊದಲು ನುಡಿಸುವ ಅವಕಾಶ ನಮ್ಮ ನಾಲ್ವರ ತಂಡಕ್ಕೆ ದೊರೆಯಿತು. ನಮಗೆ ಕೊಟ್ಟಿದ್ದು 25 ನಿಮಿಷ. ಜನ ಬರುವುದು ನಮಗಾಗಿ ಅಲ್ಲವೆಂದು ಗೊತ್ತಿದ್ದರಿಂದ, ಅವರ ಕಿವಿಯನ್ನು ನಮ್ಮ ಕಡೆಗೆ ತಿರುಗಿಸುವುದು ಹೇಗೆಂಬುದೇ ನಮ್ಮ ಒಂದು ತಿಂಗಳ ಅಭ್ಯಾಸದ ವಿಷಯವಾಗಿತ್ತು.

ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದು 2007ರ ಮಾರ್ಚ್ 17ರ ಸಂಜೆಯನ್ನು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ರಾಕ್ ತಂಡ ಐರನ್ ಮೇಡನ್‌ನ ಕಾರ್ಯಕ್ರಮಕ್ಕೆಂದು ರಾತ್ರಿ ಬಸ್ಸು ಹಿಡಿದು ಹೋಗಿದ್ದೆ. ಅದಕ್ಕೂ ಮೊದಲು ದೆಹಲಿಯ ಪರಿಕ್ರಮ ತಂಡ ವೇದಿಕೆಗೆ ಬಂತು. ಗಿಟಾರಿನ ಗದ್ದಲದ ಮೇಲೆ ಪಿಟೀಲನ್ನು ಏರಿಸಿ ನುಡಿಸುವ ತಂಡ ಅದು. ಮೇಡನ್‌ನ ನೆರಳಿನಲ್ಲಿ ನಿಲ್ಲದೆ ಅವರು ತಮ್ಮದನ್ನೇ ನುಡಿಸಿದ್ದು ನನಗೆ ಬಹಳ ಹಿಡಿಸಿತು.

ಆದರೆ ಶುರು ಮಾಡುವ ಕ್ರಮವನ್ನು ನಾನು ಕಲಿತಿದ್ದು ತೀರ್ಥಹಳ್ಳಿ ಕಡೆಯ ಯಕ್ಷಗಾನದಿಂದ. ರಾತ್ರಿಯಾಟದಲ್ಲಿ ಪ್ರಸಂಗಕ್ಕೆ ಮುನ್ನ ಪೂರ್ವರಂಗ ನಡೆಯುತ್ತದೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಬಂದು ಕುಣಿದು ಹೋಗುತ್ತವೆ, ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಪಳಗುವುದೂ ಅಲ್ಲಿಯೇ. ಊಟ ಮುಗಿಸಿ ಮನೆಯಿಂದ ಹೊರಟವರಿಗೆ ಗದ್ದೆಯ ಅಂಚಿನಲ್ಲೇ ಚೆಂಡೆ ಕೇಳಿಸುತ್ತದೆ, ಕಾಲು ತಾನಾಗಿ ಬೇಗ ಬೀಳುತ್ತದೆ. ಹಾಗಾಗಿ ನಾವೂ ಸ್ವಾಗತದ ಮಾತು, ತಂಡದ ಪರಿಚಯ ಯಾವುದೂ ಇಲ್ಲದೆ, ಡ್ರಮ್ಸ್ ಒಂದರಿಂದಲೇ ಆರಂಭಿಸಿ, 2 ನಿಮಿಷ ಹಾಡಿಲ್ಲದೆ ಬರಿಯ ವಾದ್ಯ ನುಡಿಸುವುದೆಂದು ನಿಶ್ಚಯಿಸಿದೆವು.

ಆ ನಿರ್ಧಾರವೇ ನಮ್ಮನ್ನು ಕಾಪಾಡಿತು. ಕಾರ್ಯಕ್ರಮಕ್ಕೆ ಮುನ್ನ ನುಡಿಸಿ ನೋಡಿ ದನಿಯ ಮಟ್ಟಗಳನ್ನು ಹೊಂದಿಸುವ ಸೌಂಡ್ ಚೆಕ್ ಅನ್ನು ಮುಖ್ಯ ತಂಡ ಮೊದಲು ಮಾಡುವುದು, ಆರಂಭದ ತಂಡ ಕೊನೆಗೆ ಮಾಡುವುದು ರೂಢಿ. ಹಾಗಾದಾಗ ಮೊದಲು ನುಡಿಸುವವರ ಸಾಮಾನು ಜೋಡಿಸಿದ ಹಾಗೆಯೇ ವೇದಿಕೆಯ ಮೇಲೆ ಉಳಿಯುತ್ತದೆ. ಅಂದು ಮುಖ್ಯ ತಂಡ ಬಂದದ್ದೇ ತಡವಾಗಿ, ನಮ್ಮ ಪಾಲಿನ ಸಮಯವೂ ಅವರಿಗೇ ಹೋಯಿತು. ನಮಗೆ ಸಿಕ್ಕಿದ್ದು ಒಂದೊಂದೇ ಮೈಕಿನಲ್ಲಿ ದನಿ ಬರುತ್ತಿದೆಯೇ ಎಂದು ನೋಡುವ ಲೈನ್ ಚೆಕ್ ಮಾತ್ರ. ಹಾಡಿಲ್ಲದ ಆ 2 ನಿಮಿಷಗಳಲ್ಲಿ ಸೌಂಡ್ ಇಂಜಿನಿಯರ್ ಬೇಸ್ ಗಿಟಾರಿನ ದನಿಯನ್ನು ತಗ್ಗಿಸಿ, ನನ್ನ ಗಿಟಾರಿನದನ್ನು ಏರಿಸಿ, ಹಾಡುವವನಿಗೆ ಅವನ ದನಿಯನ್ನೇ ಕೇಳಿಸಲು ಮುಂದಿಟ್ಟ ಸ್ಪೀಕರನ್ನು, ಅಂದರೆ ಮಾನಿಟರನ್ನು, ಸರಿಪಡಿಸಿದರು. ಮೊದಲ ಸಾಲು ಹಾಡುವ ಹೊತ್ತಿಗೆ ಅವನಿಗೆ ತನ್ನ ದನಿ ಕೇಳಿಸುತ್ತಿತ್ತು.

ಇನ್ನೊಂದು ತೊಂದರೆ ಚಳಿಯಿಂದ ಬಂತು. ಬೆಚ್ಚಗಿನ ಕೋಣೆಯಲ್ಲಿ ಶ್ರುತಿ ಮಾಡಿದ ಗಿಟಾರನ್ನು ಇಬ್ಬನಿ ಬೀಳುವ ಬಯಲಿಗೆ ತಂದರೆ ಉಕ್ಕಿನ ತಂತಿ ಕುಗ್ಗಿ ಬಿಗಿಯಾಗಿ ಶ್ರುತಿ ಮೇಲೇರುತ್ತದೆ. ವೇದಿಕೆಯ ದೀಪಗಳ ಶಾಖಕ್ಕೆ ಅದೇ ತಂತಿ ಸಡಿಲಗೊಂಡು ಇಳಿಯುತ್ತದೆ. ಎರಡನೆಯ ಹಾಡಿನ ನಡುವೆ ನನ್ನ ಮೂರನೆಯ ತಂತಿ ಇಳಿದದ್ದು ಬೆರಳಿಗೇ ತಿಳಿಯಿತು. ನಾನು ತಿರುಪು ಬಿಗಿಯುವಷ್ಟು ಹೊತ್ತು ಡ್ರಮ್ಸ್ ಮತ್ತು ಬೇಸ್ ಅದೇ ತಾಳವನ್ನು ಸುತ್ತಿ ಸುತ್ತಿ ನುಡಿಸಿದವು. 1969ರ ಆಗಸ್ಟ್ 15ರಂದು ಅಮೆರಿಕದ ವುಡ್‌ಸ್ಟಾಕ್ ಸಂಗೀತ ಉತ್ಸವವನ್ನು ಆರಂಭಿಸಿದ ಗಾಯಕ ರಿಚೀ ಹೇವನ್ಸ್, ಉಳಿದ ಕಲಾವಿದರು ರಸ್ತೆಯ ದಟ್ಟಣೆಯಲ್ಲಿ ಸಿಲುಕಿದ್ದರಿಂದ, ತಮ್ಮ ಹಾಡುಗಳೆಲ್ಲ ಮುಗಿದ ಮೇಲೂ ಗಿಟಾರಿನ ಲಯವನ್ನು ಬಿಡದೆ, 'ಸ್ವಾತಂತ್ರ್ಯ' ಎಂಬ ಒಂದು ಪದವನ್ನೇ ಹಿಡಿದು ಹಾಡು ಕಟ್ಟುತ್ತಾ ಹೋದರು. ತಾಳ ನಿಲ್ಲದಿದ್ದರೆ ಜನ ಕಾಯುತ್ತಾರೆಂಬ ಧೈರ್ಯ ನನಗೆ ಬಂದದ್ದು ಅವರಿಂದ.

ನಾಲ್ಕನೆಯ ಹಾಡಿಗೆ, ಮೈದಾನದ ಅಂಚಿನಲ್ಲಿ ಮೆಣಸಿನಕಾಯಿ ಬಜ್ಜಿ ಗಾಡಿಯ ಸುತ್ತ ನಿಂತಿದ್ದವರು ಕಾಗದದ ಪೊಟ್ಟಣ ಹಿಡಿದುಕೊಂಡೇ ವೇದಿಕೆಯ ಹತ್ತಿರ ಬಂದರು. 24ನೆಯ ನಿಮಿಷಕ್ಕೆ ನಾವು ಮುಗಿಸಿದೆವು. ಮುಖ್ಯ ತಂಡದವರು ತಮ್ಮ ಡ್ರಮ್ಸ್‌ನ ಹೊದಿಕೆ ತೆಗೆಯುವಷ್ಟರಲ್ಲಿ ನಮ್ಮ ಕೇಬಲ್ಲುಗಳೆಲ್ಲ ಸುತ್ತಿಯಾಗಿತ್ತು, ಮುಂದಕ್ಕೆ ಬಂದ ಜನ ಅಲ್ಲಿಯೇ ನಿಂತಿದ್ದರು.